ಸಿಂಗಪುರದಿಂದ ಬ್ಯಾಂಕಾಕಿಗೆ ನಾಲ್ಕೂವರೆ ಗಂಟೆ

ಭೂಗೋಳದ ಮೇಷ್ಟ್ರು ಆರೋಗ್ಯಪ್ಪನವರು ರಿಟೈರಾಗಿ ಎರಡು ವರ್ಷವಾಗಿತ್ತು. ಆದರೂ ಭೂಮಿ ತಮ್ಮನ್ನು ಕೇಳಿಕೊಂಡೇ ತಿರುಗುತ್ತಿದೆ ಎಂಬ ನಂಬಿಕೆ ಹೋಗಿರಲಿಲ್ಲ. ಸಿಂಗಪುರದ ಹಡಗು ಕಂಪನಿಯಲ್ಲಿ ಗುಮಾಸ್ತನಾಗಿದ್ದ ಒಬ್ಬನೇ ಮಗ ಸೂಸೈರಾಜನಿಗೆ ಬ್ಯಾಂಕಾಕಿಗೆ ವರ್ಗವಾಯಿತೆಂದು ಕಾಗದ ಬಂದದ್ದೇ ತಡ, ಅಟ್ಲಾಸ್ ಬಿಚ್ಚಿ, ಹೆಂಡತಿಯ ಹೊಲಿಗೆ ದಾರ ಎಳೆದು ಅಳೆದರು.

"ಒಂಬೈನೂರು ಮೈಲಿ ಕಣೇ! ವಿಮಾನದಲ್ಲಿ ಬರೀ ನಾಲ್ಕೂವರೆ ಗಂಟೆ!"

"ರೈಲಿಲ್ವೇ?" ಒಗ್ಗರಣೆ ಹಾಕುತ್ತಿದ್ದ ಆರೋಗ್ಯಮ್ಮ ಕೇಳಿದರು.

"ಇದೆ. ಎರಡು ದಿನಕ್ಕೂ ಮೇಲೆ ಕೂತು ಕೊಳೀಬೇಕು."

"ಕೊಳೀಲಿ ಬಿಡಿ, ನೆಲದ ಮೇಲಾದ್ರೂ ಇರ್ತಾನೆ. ನಿಮ್ಮ ದಾರದ ಕೆಳಗೆಲ್ಲ ಬರೀ ನೀಲಿ ಸಮುದ್ರ."

"ನಮ್ಮ ಕೃಷ್ಣಮೂರ್ತಿಪುರಂನಲ್ಲಿ ಯಾರ ಮಗ ವಿಮಾನ ಹತ್ತಿದ್ದಾನೆ ಹೇಳು? ಸುಮ್ನಿರು!"

ಅಂದೇ ಆಜ್ಞಾಪತ್ರ ಹೊರಟಿತು: ಮಂಗಳವಾರ ವಿಮಾನದಲ್ಲೇ ಹೋಗತಕ್ಕದ್ದು, ಇಳಿದ ಕೂಡಲೇ ತಂತಿ ಕೊಡತಕ್ಕದ್ದು.

ಹೊರಡಬೇಕಾದ ಮಂಗಳವಾರ ಬಂತು. ಪಕ್ಕದ ಮನೆಯ ಚನ್ನಬಸವಯ್ಯನವರನ್ನು ಜಗಲಿಯಲ್ಲಿ ಕೂರಿಸಿಕೊಂಡು, ಗಡಿಯಾರ ನೋಡುತ್ತ ಮೇಷ್ಟ್ರು ಮಗನನ್ನು ಹಾರಿಸಿದರು. "ಈಗ ಮಲಯಾ ದಾಟಿದ... ಈಗ ಕಾಫಿ ಕೊಟ್ಟಿರ್ತಾರೆ... ಇಳಿದ!" (ಚನ್ನಬಸವಯ್ಯನವರು ಅಷ್ಟರಲ್ಲಿ ನಿದ್ದೆಗೆ ಇಳಿದಿದ್ದರು.)

ಸಂಜೆಯಾದರೂ ತಂತಿ ಬರಲಿಲ್ಲ. ಬುಧವಾರ ಮೇಷ್ಟ್ರು ಎರಡು ಸಲ ತಂತಿ ಆಫೀಸಿಗೆ ಹೋಗಿ ಬಂದರು. ಗುರುವಾರ ಪತ್ರಿಕೆಯ ಮೂಲೆ ಮೂಲೆಯನ್ನೂ ಬೆರಳಿಟ್ಟು ಓದಿದರು. ಯಾವ ವಿಮಾನ ಬಿದ್ದ ಸುದ್ದಿಯೂ ಇಲ್ಲ. ಸಮುದ್ರಕ್ಕೆ ಬಿದ್ದದ್ದನ್ನು ಯಾರು ನೋಡಿರುತ್ತಾರೆ? ಅಟ್ಲಾಸಿನ ಆ ನೀಲಿ ನೋಡಲಾಗದೆ ಅದನ್ನು ಟ್ರಂಕಿನ ಕೆಳಗೆ ತಳ್ಳಿದರು.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಮೂವತ್ತು ವರ್ಷದ ಅಭ್ಯಾಸ. ಆಕೆ ಜಪಮಾಲೆ ಹಿಡಿದು ಗೋಡೆ ನೋಡುತ್ತ ಕೂತುಬಿಟ್ಟಿದ್ದರು.

ಸಂಜೆ ಮೇಷ್ಟ್ರು ಚರ್ಚಿಗೆ ಹೋಗಿ, ಮಗನ ಆತ್ಮಶಾಂತಿಗೊಂದು ಪೂಜೆ ಎಂದು ತೊದಲಿದರು. "ಮೊದಲು ಸುದ್ದಿ ಬರ್ಲಿ, ಮೇಷ್ಟ್ರೇ" ಎಂದು ಪಾದ್ರಿಗಳು ಕೈ ಹಿಡಿದುಕೊಂಡರು. ಮನೆಗೆ ಬಂದವರೇ ಹೊಸ್ತಿಲಲ್ಲಿ ಕುಸಿದರು.

"ನಾನೇ ಕಣೇ ಅವನನ್ನ ಕೊಂದ್ಬುಟ್ಟೆ."

ಆರೋಗ್ಯಮ್ಮ ಏನೋ ಹೇಳಹೋಗಿ ಬಾಯಿ ಮುಚ್ಚಿಕೊಂಡರು.

ಶುಕ್ರವಾರ ಬೆಳಿಗ್ಗೆ ಸೈಕಲ್ ಗಂಟೆ. "ಆರೋಗ್ಯಮ್ಮ ಅನ್ನೋರು ಯಾರು? ತಂತಿ!"

ತಾಯಿಯ ಹೆಸರಿಗೆ! ಸಾವಿನ ಸುದ್ದಿಯನ್ನು ಹೀಗೇ ಕಳಿಸುತ್ತಾರೇನೋ ಎಂದುಕೊಳ್ಳುತ್ತ ಮೇಷ್ಟ್ರು ಸಹಿ ಹಾಕಿ ಈಸಿಕೊಂಡರು. ಆಕೆಗೆ ಇಂಗ್ಲಿಷ್ ಬಾರದು. "ಓದ್ರೀ" ಎಂದು ಕಣ್ಣು ಮುಚ್ಚಿಕೊಂಡರು.

"'ಕ್ಷೇಮವಾಗಿ ತಲುಪಿದೆ...'" ಮೇಷ್ಟ್ರು ಅಲ್ಲೇ ನೆಲಕ್ಕೆ ಕೂತು, ಅಳುತ್ತ ಮುಂದೆ ಓದಿದರು. "'ನೀನು ಹೇಳಿದಂತೆ ರೈಲಿನಲ್ಲೇ ಬಂದೆ.' ನೀನು ಹೇಳಿದಂತೆ?"

"ನಾನೂ ಒಂದು ಕಾಗದ ಹಾಕಿದ್ದೆ" ಎಂದರು ಆರೋಗ್ಯಮ್ಮ, ಬಿಕ್ಕುತ್ತ. "ನಿಮ್ಮ ಮಾತು ಕೇಳಿದ್ನೋ, ನನ್ನ ಮಾತು ಕೇಳಿದ್ನೋ ನನಗೇನು ಗೊತ್ತಿತ್ತು? ಮೂರು ದಿನದಿಂದ ನನಗೂ ಗಂಟಲಲ್ಲಿ ಅನ್ನ ಇಳಿದಿಲ್ಲ ಕಣ್ರೀ." ಸೆರಗಿನಲ್ಲಿ ಮೂಗೊರೆಸಿಕೊಂಡರು. "ಇನ್ನೇನು ಬರೆದಿದ್ದಾನೆ?"

ಮೇಷ್ಟ್ರು ಕನ್ನಡಕ ಒರೆಸಿ, ತರಗತಿಯಲ್ಲಿ ಪಾಠ ಓದುವವರಂತೆ ಗಂಟಲು ಸರಿಮಾಡಿಕೊಂಡರು.

"'ಅಪ್ಪನಿಗೆ ಮಾತ್ರ ಹೇಳಬೇಡ.'"

ಆರೋಗ್ಯಮ್ಮ ತಟ್ಟನೆ ಅಳು ನಿಲ್ಲಿಸಿ ತಂತಿಯನ್ನು ಕಿತ್ತುಕೊಂಡರು. "ಅಷ್ಟು ಸ್ಪಷ್ಟವಾಗಿ ಬರೆದಿದ್ದಾನಲ್ಲ, ಮತ್ತೆ ನೀವ್ಯಾಕೆ ಓದಿದ್ರಿ?"