ಹೋಳಿಗೆ ಉಂಡ ಗೋಲ್‌ಕೀಪರ್

ಈ ವರ್ಷ ನಮ್ಮ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರನ್ನು ತಂದು ನಿಲ್ಲಿಸುವವನು ನಾನೇ, ವೀರಭದ್ರನೇ, ಇನ್ನೊಬ್ಬನಲ್ಲ! ಲಂಡನ್ನಿನ ರೇನರ್ಸ್ ಲೇನಿನ ನಮ್ಮ ಮನೆಯ ಅಡುಗೆಮನೆಯಲ್ಲಿ ನಿಂತು, ಕೈಯಲ್ಲಿ ಚಹಾದ ಕಪ್ಪು ಎತ್ತಿ ಹಿಡಿದು, ಹೀಗೆಂದು ಘೋಷಿಸಿಯೇ ಬಿಟ್ಟೆ.

"ಘೋಷಣೆ ಮುಗೀತಿಲ್ಲೋ? ಹಂಗಾರ ಆ ಕಪ್ಪು ತೊಳದು ಇಡ್ರಿ" ಎಂದಳು ಹೆಂಡತಿ ಗುರುದೇವಿ.

'ನಮ್ಮ ಕಾಲೇಜು' ಎಂದರೆ ನಾನು ಕಲಿತ ಕಾಲೇಜಲ್ಲ. ನಾನು ಕಲಿತದ್ದು ಧಾರವಾಡದಲ್ಲಿ. ಅಲ್ಲಿ ನಾನು ಫುಟ್‌ಬಾಲ್ ಮುಟ್ಟಿದ್ದು ಒಂದೇ ಸಲ, ಅದೂ ಮೂಗಿನಿಂದ! ಇದು ಮಗಳು ಅನ್ವಿತಾ ಓದುವ ಹ್ಯಾರೋದ ಕಾಲೇಜು, ನಮ್ಮ ಕಡೆಯ ಪಿಯುಸಿ ಇದ್ದ ಹಾಗೆ. ಆಕೆ ಅಲ್ಲಿ ಎರಡನೆಯ ವರ್ಷಕ್ಕೆ ಬಂದಿದ್ದಾಳೆ, ತಂಡದ ಕ್ಯಾಪ್ಟನ್ ಬೇರೆ. ಅವಳು ಆಡುವ ಪ್ರತಿ ಶನಿವಾರ ಮೈದಾನದ ಗೆರೆಯ ಪಕ್ಕ ನಿಂತು ಗಂಟಲು ಹರಿದುಕೊಳ್ಳುವುದೇ ಈ ದೇಶದಲ್ಲಿ ನನಗಿರುವ ಪರಮಸುಖ.

ತಂಡದ ಹಳೆಯ ಗೋಲ್‌ಕೀಪರ್ ಓದು ಮುಗಿಸಿ ಯೂನಿವರ್ಸಿಟಿಗೆ ಹೋದಳು. ಅಂದಿನಿಂದ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಬೇರೆ ಮಾತೇ ಇಲ್ಲ. ಹೊಸದಾಗಿ ಯಾರು ಸೇರುತ್ತಾರೆ, ಯಾರನ್ನು ಸೇರಿಸಬೇಕು, ನಮ್ಮ ಲೆಫ್ಟ್ ಬ್ಯಾಕ್ ಹುಡುಗಿಗೆ ಬಲಗಾಲು ಕೂಡ ಇದೆಯೋ ಇಲ್ಲವೋ, ಎಲ್ಲದರ ಮೇಲೂ ಮಹಾಯುದ್ಧ! ಆಫೀಸಿನ ಮೀಟಿಂಗಿನಲ್ಲಿ ಕೂತು ಚರ್ಚಿಸಿದೆವು. ಟ್ಯೂಬ್ ರೈಲಿನಲ್ಲಿ ಜೋತುಬಿದ್ದು ಚರ್ಚಿಸಿದೆವು. ನಾನಂತೂ ಜಿಪಿ ಡಾಕ್ಟರರ ಬಾಗಿಲಲ್ಲಿ ಕೆಮ್ಮುತ್ತ ಕೂತು ಮಿಡ್‌ಫೀಲ್ಡಿನ ದೌರ್ಬಲ್ಯದ ಬಗ್ಗೆ ಒಂದು ಪ್ರಬಂಧವನ್ನೇ ಬರೆದು ಕಳಿಸಿದೆ.

ಈ ಯುದ್ಧದಲ್ಲಿ ನನ್ನ ಎದುರಾಳಿ ಕಿಂಗ್ಸ್‌ಬರಿಯ ಚಂದ್ರಶೇಖರ್. ಬೆಂಗಳೂರಿನವರು, ಸಾಫ್ಟ್‌ವೇರಿನವರು, ಸೀನಿದರೂ ಅದಕ್ಕೊಂದು ಗ್ರಾಫ್ ಹಾಕುವವರು. ಅವರ ಮಗಳೂ ಅದೇ ತಂಡದಲ್ಲಿ ಆಡುತ್ತಾಳೆ. ಗೋಲ್‌ಕೀಪರ್ ಜಾಗಕ್ಕೆ ಅವರು ತಮ್ಮ ಪಕ್ಕದ ಮನೆಯ ನೀರಜಾಳ ಹೆಸರು ತಂದರು. ನಾನು ಹೌನ್ಸ್ಲೋದ ಶರಣ್ಯಾಳ ಹೆಸರು ಎತ್ತಿದೆ.

ಶರಣ್ಯಾ ನನ್ನ ಸಹೋದ್ಯೋಗಿ ದಾನಪ್ಪನ ಮಗಳು, ತೆಂಗಿನ ಮರದಂತೆ ಎತ್ತರ. ಏರ್‌ಪೋರ್ಟಿನ ಸರಕು ಗೋದಾಮಿನಲ್ಲಿ ನಾವಿಬ್ಬರೂ ಒಂದೇ ಪಾಳಿ. ಆ ಹುಡುಗಿಯ ಪ್ರತಿಭೆಯನ್ನು ನಾನು ಕಂಡದ್ದು ಯಾವ ಮೈದಾನದಲ್ಲೂ ಅಲ್ಲ, ಕನ್ನಡದವರ ಯುಗಾದಿ ಊಟದಲ್ಲಿ! ಯಾವುದೋ ಪೋರ ಒದ್ದ ಚಪ್ಪಲಿ ಗಾಳಿಯಲ್ಲಿ ತಿರುಗುತ್ತ ನೇರವಾಗಿ ಪಾಯಸದ ಪಾತ್ರೆಯತ್ತ ಹೊರಟಿತ್ತು. ಪಂಕ್ತಿಗೆ ಪಂಕ್ತಿಯೇ ಉಸಿರು ಬಿಗಿಹಿಡಿಯಿತು. ಶರಣ್ಯಾ ರೇಷ್ಮೆ ಲಂಗದಲ್ಲೇ ಅಡ್ಡಕ್ಕೆ ಹಾರಿ ಒಂದೇ ಕೈಯಲ್ಲಿ ಅದನ್ನು ಹಿಡಿದಳು. ಪಾಯಸ ಉಳಿಯಿತು! ಅಂದೇ ನಾನು ನಿಶ್ಚಯಿಸಿದೆ, ಈ ಕೈಗಳು ನಮ್ಮ ಕಾಲೇಜಿಗೇ ಸೇರಬೇಕು. ಅವಳು ಶಾಲೆಯ ತಂಡದಲ್ಲಿ ಗೋಲ್‌ಕೀಪರ್ ಎಂಬುದು ಆಮೇಲೆ ತಿಳಿಯಿತು. ಈಗ ಶಾಲೆ ಮುಗಿಸಿ, ಹೌನ್ಸ್ಲೋದ ಕಾಲೇಜೋ ನಮ್ಮದೋ ಎಂದು ಡೋಲಾಯಮಾನ ಸ್ಥಿತಿಯಲ್ಲಿದ್ದಳು. ನಮ್ಮ ತಂಡದಲ್ಲಿ ಜಾಗ ಸಿಕ್ಕರೆ ಇಲ್ಲಿಗೇ ಬರುತ್ತಾಳೆ ಎಂದು ದಾನಪ್ಪ ಮಾತು ಕೊಟ್ಟಿದ್ದ.

"ಹೈಟ್ ಒಂದಿದ್ರೆ ಸಾಕಾ ವೀರಭದ್ರ ಅವ್ರೇ? ರಿಯಾಕ್ಷನ್ ಟೈಮ್ ನೋಡ್ಬೇಕು. ನೀರಜಾದು ನಾನೇ ಅಳೆದಿದೀನಿ. ಡೇಟಾ ಇದೆ" ಎಂದು ಫೋನ್ ಮಾಡಿಯೇ ಹೇಳಿದರು ಚಂದ್ರಶೇಖರ್.

"ನಿಮ್ಮ ಡೇಟಾ ನೀವ ಇಟ್ಕೋರಿ. ನೀರಜಾ ಗೋಲಿನಾಗ ನಿಂತ್ರ ಅಕಿ ತಲೀಗೂ ಮ್ಯಾಲಿನ ಕಂಬಿಗೂ ನಡುವ ಡಬಲ್ ಡೆಕರ್ ಬಸ್ಸು ಹೋಗತೈತಿ!"

"ನಿಮ್ಮ ಹುಡುಗಿ ಹಿಡಿದಿದ್ದು ಚಪ್ಪಲಿ ಸಾರ್, ಬಾಲ್ ಅಲ್ಲ!"

ಕೊನೆಗೆ ಕೋಚ್ ಮಿಸ್ ಹಡ್ಸನ್ ಇಬ್ಬರು ಹುಡುಗಿಯರನ್ನೂ ಶನಿವಾರ ಮಧ್ಯಾಹ್ನ ಎರಡಕ್ಕೆ ಪರೀಕ್ಷೆಯ ಆಟಕ್ಕೆ ಕರೆದರು. ಮೊದಲರ್ಧ ಒಬ್ಬಳು, ಎರಡನೆಯ ಅರ್ಧ ಇನ್ನೊಬ್ಬಳು.

ಆ ರಾತ್ರಿ ಅನ್ವಿತಾ ನನ್ನೆದುರು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಪ್ಪಾ, ಒನ್ ಮೋರ್ ಸೀನ್, ಆಂಡ್ ಯು ಆರ್ ಇನ್ ದಿ ಕಾರ್ ಪಾರ್ಕ್!" ಹೋದ ವರ್ಷ ರೆಫರಿಗೆ ನನ್ನ ಕನ್ನಡಕ ಬಿಚ್ಚಿ ಕೊಡಲು ಹೋಗಿದ್ದನ್ನು ಅವಳಿನ್ನೂ ಮರೆತಿಲ್ಲ. ಇನ್ನೊಂದು ರಂಪ ಮಾಡಿದರೆ ನನಗೆ ಗೆರೆಯ ಪಕ್ಕ ಜಾಗವಿಲ್ಲ, ವರ್ಷವಿಡೀ ಕಾರಿನಲ್ಲಿ ಕೂತು ಬೇಲಿಯ ಸಂದಿಯಿಂದ ನೋಡಬೇಕು! ಮಗಳು ಮನೆಯಲ್ಲಿರುವುದೇ ಇನ್ನೊಂದು ವರ್ಷ. ಆಮೇಲೆ ಎಲ್ಲಿಯ ಕಾಲೇಜು, ಎಲ್ಲಿಯ ಶನಿವಾರ? ಬಾಯಿಗೆ ಬೀಗ ಹಾಕಿಕೊಳ್ಳುವುದಾಗಿ ಆಣೆ ಮಾಡಿದೆ. ಬಾಯಿಗೆ ಹಾಕಿದೆನೇ ಹೊರತು ಕೈಗೆ ಹಾಕಲಿಲ್ಲ ನೋಡಿ, ಅಲ್ಲಿಯೇ ಎಡವಿದ್ದು!

ಹೌನ್ಸ್ಲೋದಿಂದ ಅಷ್ಟು ದೂರ ಬರುವ ದಾನಪ್ಪ ಮತ್ತು ಮಗಳನ್ನು ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಗೇ ಕರೆದೆ.

"ಆಟದ ಮುಂದ ಊಟ ಯಾಕ್ರಿ? ಒಂದೆರಡು ಬಾಳೆಹಣ್ಣು ಕೊಟ್ಟು ಕಳಸೂಣು" ಎಂದಳು ಗುರುದೇವಿ.

"ಬಾಳೆಹಣ್ಣ? ಧಾರವಾಡದವರ ಮನ್ಯಾಗ ಬಾಳೆಹಣ್ಣು ತಿಂದು ಬಂದ್ವಿ ಅಂತ ದಾನಪ್ಪ ಇಡೀ ಗೋದಾಮಿಗೆ ಡಂಗುರ ಹೊಡೀತಾನ! ಹೋಳಿಗಿ ಮಾಡು!"

"ಹೋಳಿಗಿ ಉಂಡಾಕಿ ಹಾರತಾಳೇನ್ರಿ?"

"ಶಕ್ತಿ ಬರತೈತಿ! ಬೆಲ್ಲ, ಬ್ಯಾಳಿ, ತುಪ್ಪ, ಎಲ್ಲಾ ಶಕ್ತೀನ!"

ನೆಲಮುಗಿಲು ಒಂದಾದರೂ ಸರಿ, ಹೋಳಿಗೆ ಆಗಲೇಬೇಕು ಎಂದು ಪಟ್ಟು ಹಿಡಿದೆ. ಆಯಿತು. ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಹೋಳಿಗೆ, ಅದಕ್ಕೆ ಹಾಲು, ತುಪ್ಪ, ಮೇಲೆ ಅನ್ನ ಮತ್ತು ಕಟ್ಟಿನ ಸಾರು. ಮನೆ ಘಮಘಮ! ಅಷ್ಟರಲ್ಲಿ ಅನ್ವಿತಾ ತನ್ನ ತಂಡದ ನಾಲ್ವರು ಡಿಫೆಂಡರುಗಳನ್ನೂ ಕರೆತಂದಳು. ಹೊಸ ಗೋಲ್‌ಕೀಪರ್ ಪರಿಚಯವಾಗಲಿ ಎಂದು ಅವರೂ ಬಂದಿದ್ದರು. "ಬರ್ರೆವಾ, ಕೂಡ್ರಿ!" ಎಂದೆ. ಊಟದ ಹೊತ್ತಿಗೆ ಬಂದವರನ್ನು ನಿಲ್ಲಿಸಿ ಮಾತಾಡಿಸುವ ವಂಶವಲ್ಲ ನಮ್ಮದು. ಅನ್ವಿತಾ ಮಾತ್ರ ಟೋಸ್ಟ್ ಕಚ್ಚಿಕೊಂಡು, ಮೈದಾನ ಸಜ್ಜು ಮಾಡಬೇಕೆಂದು ಮುಂಚೆಯೇ ಹೊರಟುಹೋದಳು.

ಬಡಿಸಲು ನಾನೇ ನಿಂತೆ. ನಮ್ಮ ಕಡೆ ಊಟಕ್ಕೊಂದು ಕಾನೂನಿದೆ. ತಟ್ಟೆ ಬರಿದಾದರೆ ಇನ್ನೂ ಹಸಿವಿದೆ ಎಂದರ್ಥ. 'ಸಾಕು' ಎಂದರೆ ನಾಚಿಕೆ ಎಂದರ್ಥ. ನಿಜವಾಗಿ ಸಾಕಾದವರು ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದು, ಮೈ ಬಗ್ಗಿಸಿ, ಚೀರಬೇಕು. ಈ ಹುಡುಗಿಯರ ಮನೆಯ ಕಾನೂನು ಬೇರೆ. ಬಡಿಸಿದ್ದನ್ನು ಒಂದು ಚೂರೂ ಬಿಡದೆ ತಿಂದು ಮುಗಿಸುವುದೇ ಅವರಲ್ಲಿ ಮರ್ಯಾದೆ. ಅವರು ಮರ್ಯಾದೆಯಿಂದ ತಟ್ಟೆ ಬರಿದು ಮಾಡುತ್ತ ಹೋದರು. ನಾನು ಮರ್ಯಾದೆಯಿಂದ ತುಂಬುತ್ತ ಹೋದೆ!

"ನೋ ಥ್ಯಾಂಕ್ಯೂ, ಅಂಕಲ್" ಎಂದಳು ಕ್ಲೋಯಿ, ನಮ್ಮ ರಕ್ಷಣೆಯ ಹೆಬ್ಬಂಡೆ.

"ನಾಚಬ್ಯಾಡ ನಮ್ಮವ್ವ!" ಎಂದು ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದೆ. ಪಾಪ, ತಟ್ಟೆಯಲ್ಲಿ ಬಿಟ್ಟರೆ ತಪ್ಪಾದೀತೆಂದು ಅದನ್ನೂ ತಿಂದಳು.

ಶರಣ್ಯಾಳಿಗೆ ನಮ್ಮ ಕಾನೂನು ಗೊತ್ತಿತ್ತು. ಅವಳು ಎರಡೂ ಕೈ ಅಡ್ಡ ಹಿಡಿದು, "ಕಾಕಾ, ಖರೇನ ಸಾಕ್ರೀ!" ಎಂದು ಚೀರಿದಳು. ಕೈಗಳ ನಡುವಿನ ಸಂದಿಯಿಂದ ಒಂದು ಹೋಳಿಗೆ ತೂರಿಸಿ, "ಗೋಲ್!" ಎಂದು ಕೂಗಿದೆ. ದಾನಪ್ಪ ಚಪ್ಪಾಳೆ ತಟ್ಟಿದ. ಗುರುದೇವಿ ಹಣೆ ಚಚ್ಚಿಕೊಂಡಳು.

ಎರಡಕ್ಕೆ ಆಟ ಶುರುವಾಯಿತು. ಮೊದಲರ್ಧಕ್ಕೆ ಶರಣ್ಯಾ ಗೋಲಿನಲ್ಲಿ, ಮುಂದೆ ಆ ನಾಲ್ವರು ಡಿಫೆಂಡರುಗಳು. ನಾಲ್ವರೂ ಬೀಗರ ಮನೆಯ ಊಟ ಮುಗಿಸಿ ವೀಳ್ಯ ಹುಡುಕುವವರ ಹಾಗೆ ಅಡ್ಡಾಡುತ್ತಿದ್ದರು. ಎದುರಿನ ಹುಡುಗಿ ಚೆಂಡು ತಂದಳು. ಕ್ಲೋಯಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು! ಚೆಂಡು ಶರಣ್ಯಾಳ ಬಲಕ್ಕೆ ಬಂತು. ಯುಗಾದಿಯ ದಿನ ಗಾಳಿಯಲ್ಲಿ ತೇಲಿದ ಆ ಹುಡುಗಿ ಒಮ್ಮೆ ಚೆಂಡನ್ನು ನೋಡಿದಳು, ಒಮ್ಮೆ ನೆಲ ನೋಡಿದಳು, ಒಂದು ತೇಗು ಬಿಟ್ಟಳು. ಗೋಲ್! ಮತ್ತೆ ಬಂತು, ಮತ್ತೆ ಗೋಲ್! ಆಮೇಲೆ ಎಣಿಸುವುದನ್ನು ಬಿಟ್ಟೆ.

ಚಂದ್ರಶೇಖರ್ ಪಕ್ಕಕ್ಕೆ ಬಂದು ನಿಂತರು. "ಏನ್ರೀ, ಚಪ್ಪಲಿ ಎಸೆದು ನೋಡೋಣ್ವಾ?"

ಬಾಯಿಗೆ ಬೀಗ ಹಾಕಿದ್ದೇನೆ, ಮಾತಾಡುವ ಹಾಗಿಲ್ಲ! ನುಂಗಿಕೊಂಡೆ. ಎರಡನೆಯ ಅರ್ಧಕ್ಕೆ ಡಿಫೆಂಡರುಗಳು ಹುಲ್ಲಿನ ಮೇಲೆ ಸಾಲಾಗಿ ಮಲಗಿಬಿಟ್ಟರು. ಬದಲಿ ಆಟಗಾರರು ಇಳಿದರು. ನೀರಜಾ ಗಿಡ್ಡಿಯಾದರೂ ಬೆಕ್ಕಿನ ಮರಿಯಂತೆ ಪುಟಿದು ಪುಟಿದು ಬಂದ ಚೆಂಡನ್ನೆಲ್ಲ ಹಿಡಿದಳು.

ಆಟ ಮುಗಿದಾಗ ಶರಣ್ಯಾ ಗೋಲ್ ಕಂಬಕ್ಕೆ ಒರಗಿ ಅಳುತ್ತಿದ್ದಳು. "ನಂದ ತಪ್ಪು ಕಾಕಾ. ನಾ ಉಣಬಾರದಿತ್ತು" ಎಂದಳು. ಅವಳ ಕೈಸಂದಿಯಲ್ಲಿ ಹೋಳಿಗೆ ತೂರಿಸಿ ಕುಣಿದದ್ದು ನೆನಪಾಗಿ ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಗೆರೆಯ ಪಕ್ಕದ ಜಾಗ ಹೋದರೆ ಹೋಗಲಿ, ಈ ಹುಡುಗಿಗೆ ಅನ್ಯಾಯವಾಗಬಾರದು! ನಾನು ಮೈದಾನದ ನಡುವೆಯೇ ದಾಪುಗಾಲು ಹಾಕಿದೆ. "ಅಪ್ಪಾ, ನೋ!" ಎಂದು ಅನ್ವಿತಾ ಹಿಂದೆಯೇ ಓಡಿಬಂದಳು.

"ಮೇಡಂ," ಎಂದು ಮಿಸ್ ಹಡ್ಸನ್ ಎದುರು ನಿಂತು ನನ್ನ ಇಂಗ್ಲಿಷಿನಲ್ಲಿ ವಾದ ಹೂಡಿದೆ, "ಗೋಲ್‌ಕೀಪರ್ ನಿರಪರಾಧಿ! ಅಪರಾಧಿ ಹೋಳಿಗೆ! ತಿನ್ನಿಸಿದವನು ನಾನು!"

"ಹೋಳಿಗೆ ಅಂದರೇನು?" ಎಂದರು ಅವರು.

ಸಾಕ್ಷ್ಯ ಕಾರಿನಲ್ಲೇ ಇತ್ತು. ಕೋಚಿಗೆಂದು ಗುರುದೇವಿ ಕಟ್ಟಿಕೊಟ್ಟ ಸ್ಟೀಲ್ ಡಬ್ಬಿ ತಂದು ಬಿಚ್ಚಿದೆ. ಅದರ ಮುಚ್ಚಳದಲ್ಲಿ ಒಂದು ಹಾಕಿಕೊಟ್ಟೆ, ಮಿಸ್ ಹಡ್ಸನ್ ತಿಂದರು. ಕಣ್ಣರಳಿತು. ಮುಚ್ಚಳದಲ್ಲಿ ಒಂದು ಚೂರೂ ಬಿಡಲಿಲ್ಲ. ಮುಚ್ಚಳ ಬರಿದಾದದ್ದು ಕಂಡದ್ದೇ ತಡ, ನನ್ನ ಕೈ ತಾನಾಗಿಯೇ ಇನ್ನೊಂದು ಹಾಕಿತು. "ಓ, ನೋ ಥ್ಯಾಂಕ್ಯೂ" ಎಂದರು. ನಾಚಿಕೆ! ಮತ್ತೊಂದು ಹಾಕಿದೆ. ಡಬ್ಬಿ ಮುಗಿಯುವ ಹೊತ್ತಿಗೆ ಅವರು ಬೆಂಚಿನ ಮೇಲೆ ಕೂತಿದ್ದರು. ಬಾಯಲ್ಲಿದ್ದ ಸೀಟಿಯನ್ನು ಊದಲು ಹೋಗಿ ಆಕಳಿಸಿದರು. ಆಮೇಲೆ ಹುಲ್ಲಿನ ಮೇಲೆ ಮಲಗಿದ್ದ ಡಿಫೆಂಡರುಗಳನ್ನು ಬಹಳ ಹೊತ್ತು, ಬಹಳ ಕರುಣೆಯಿಂದ ನೋಡಿದರು.

"ಬುಧವಾರ ಶರಣ್ಯಾ ಮತ್ತೆ ಆಡಲಿ," ಎಂದರು, "ಆದರೆ ನೀವು ಆಕೆಯ ಹತ್ತಿರ ಸುಳಿಯಕೂಡದು."

ಬುಧವಾರ ಶರಣ್ಯಾ ಬಾಳೆಹಣ್ಣು ತಿಂದು ಹೋಗಿ ಗಾಳಿಯಲ್ಲಿ ಹಾರಿದಳಂತೆ. ಆಯ್ಕೆಯಾದಳು! ನೀರಜಾಳನ್ನೂ ತೆಗೆದುಕೊಂಡರು. "ನಿಮ್ಮ ಹುಡುಗಿ ಸೂಪರ್ ರೀ. ನೀವೇ ಸರಿ ಇಲ್ಲ" ಎಂದು ಚಂದ್ರಶೇಖರ್ ಫೋನ್ ಮಾಡಿದರು. ಆ ಮಾತಿನಲ್ಲಿ ಗ್ರಾಫ್ ಇರಲಿಲ್ಲ, ಹಾಗಾಗಿ ಒಪ್ಪಿಕೊಂಡೆ.

ಇನ್ನು ನನ್ನ ಶಿಕ್ಷೆಯೊಂದು ಬಾಕಿ. ಗುರುವಾರ ಸಂಜೆ ಅನ್ವಿತಾಳ ಫೋನಿಗೆ ಕೋಚಿನ ಸಂದೇಶ ಬಂತು. "ಅಪ್ಪಾ, ಇಟ್ಸ್ ಅಬೌಟ್ ಯೂ" ಎಂದಳು. ಕಾರ್ ಪಾರ್ಕೋ? ಅಥವಾ ಇಷ್ಟು ಒಳ್ಳೆಯ ಆಟಗಾರ್ತಿಯನ್ನು ಹುಡುಕಿ ತಂದವನೆಂದು ಪ್ರಧಾನ ಆಯ್ಕೆಗಾರನ ಪಟ್ಟವೋ? ನಾನು ಅಂಗಿಯ ಕಾಲರ್ ಸರಿಪಡಿಸಿಕೊಂಡು ನಿಂತೆ.

"ಈ ಶನಿವಾರ ನಮ್ಮ ಫಸ್ಟ್ ಮ್ಯಾಚ್," ಎಂದು ಅನ್ವಿತಾ ನಗು ತಡೆಯುತ್ತ ಓದಿದಳು, "ಎದುರಿನ ಟೀಮ್ ಕ್ರಾಯ್ಡನ್‌ನಿಂದ ಹನ್ನೆರಡಕ್ಕೇ ಬರುತ್ತೆ. ಅವರಿಗೆಲ್ಲಾ ಲಂಚ್ ಕೊಡೋಕೆ ಅಮ್ಮಂಗೆ ಆಗುತ್ತಾ ಅಂತ ಮಿಸ್ ಕೇಳ್ತಿದಾರೆ. ಹೋಳಿಗೆ ಮಸ್ಟ್ ಅಂತೆ! ನೀವು ಗೆರೆ ಹತ್ರ ನಿಲ್ಲಬಹುದು, ಬಟ್ ಬಡಿಸಿದ ಮೇಲೆ."

ನಾನು ಗುರುದೇವಿಯ ಕಡೆ ನೋಡಿದೆ. ಆಕೆ ಆಗಲೇ ಕಡಲೆಬೇಳೆಯ ಡಬ್ಬ ಇಳಿಸುತ್ತಿದ್ದಳು.

"ಹಗಲೂ ರಾತ್ರಿ ಫುಟ್‌ಬಾಲ್, ಫುಟ್‌ಬಾಲ್ ಅಂತ ಬಡ್ಕೊಂಡವ್ರು ನೀವು," ಎಂದಳು, "ಕಡೀಕ ಟೀಮಿಗೆ ಸೆಲೆಕ್ಟ್ ಆದಾಕಿ ನಾನು! ತಗೋರಿ, ಈ ತುಪ್ಪದ ಗಿಂಡಿ ಹಿಡ್ಕೊಂಡು ಸಬ್‌ಸ್ಟಿಟ್ಯೂಟ್ ಬೆಂಚಿನ ಮ್ಯಾಲೆ ಕೂಡ್ರಿ. ಕರದಾಗ ಬರೂರಂತ!"