ಮಾವನ ಸೂಟಿನಲ್ಲಿ ಪ್ರಧಾನಮಂತ್ರಿ

ಹೆಂಡತಿ ಊರಿಗೆ ಹೋದಳೆಂದು ಮುಖ ಇಳಿಬಿಟ್ಟು ಕೂರುವ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ನಾನು ಮರ್ವ್ ಹ್ಯಾನ್ಲನ್. ನಿವೃತ್ತಿಯಾಗುವವರೆಗೆ ಫ್ರೀಮ್ಯಾಂಟಲ್ ಬಂದರಿನಲ್ಲಿ ಕ್ರೇನ್ ನಡೆಸಿದವನು. ಹಡಗುಗಟ್ಟಲೆ ಸರಕನ್ನು ಎತ್ತಿ ಇಳಿಸಿದ ಕೈಗೆ ಒಂದು ಬಾಣಲೆ ಯಾವ ಲೆಕ್ಕ? ಹಾಗಾಗಿ ಅಡಿಲೇಡಿನಲ್ಲಿರುವ ಅತ್ತಿಗೆ, ಅಂದರೆ ನನ್ನ ಹೆಂಡತಿ ಗ್ವೆಂಡಾಳ ಅಕ್ಕ, ಬಿದ್ದು ಸೊಂಟ ಮುರಿದುಕೊಂಡಾಗ ನಾನೇ ಗ್ವೆಂಡಾಳನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟೆ.

"ನಿಧಾನವಾಗಿ ಬಾ," ಎಂದೆ ಧಾರಾಳವಾಗಿ. "ಮನೆ ನಾನು ನೋಡ್ಕೋತೀನಿ."

"ಮನೆ ಸರಿ. ನಿನ್ನ ಯಾರು ನೋಡ್ಕೋತಾರೆ?"

"ನನಗ್ಯಾಕೆ ಕಾವಲು?"

ಆಡಳಿತ ಆರಂಭವಾಯಿತು. ಮೊದಲ ವಾರ ಹುರುಳಿಕಾಯಿ ಬೇಯಿಸಲು ಹೋಗಿ ಪಾತ್ರೆಯನ್ನೇ ಬೇಯಿಸಿದೆ. ಎರಡನೇ ವಾರದಿಂದ ಟೋಸ್ಟು ಮತ್ತು ಡಬ್ಬಿ ಬೀನ್ಸಿನ ಯುಗ. ಗ್ವೆಂಡಾ ದಿನಾ ಸಂಜೆ ಫೋನ್ ಮಾಡುತ್ತಿದ್ದಳು.

"ಹೇಗಿದ್ದೀಯ?"

"ನನಗೇನು ಧಾಡಿ?"

"ನಾನು ಬರಲಾ ಹಾಗಾದ್ರೆ?"

"ಏನವಸರ? ಇರು."

ಫೋನ್ ಇಟ್ಟ ಮೇಲೆ ಮನೆಯಲ್ಲಿ ಮಾತಾಡುತ್ತಿದ್ದದ್ದು ಫ್ರಿಜ್ ಒಂದೇ. ಅದು ಗುರ್ ಎಂದಾಗ ನಾನು "ಹೂಂ" ಎನ್ನುವ ಮಟ್ಟಕ್ಕೆ ಬಂದಿದ್ದೆ.

ಚಳಿಗಾಲ ಶುರುವಾಗುವ ಹೊತ್ತಿಗೆ ಒಗೆದ ಬಟ್ಟೆಗಳೆಲ್ಲ ಮುಗಿದವು. ಸರಕು ಸಾಗಿಸಿದವನ ಬುದ್ಧಿ. ಇರುವುದನ್ನೆಲ್ಲ ಒಂದೇ ಲೋಡಿಗೆ ತುಂಬಿದೆ. ಅಂಗಿ, ಪ್ಯಾಂಟು, ಉಣ್ಣೆ ಸ್ವೆಟರು, ಜೊತೆಗೆ ಕ್ರಿಸ್‌ಮಸ್ಸಿನ ಕೆಂಪು ಮೇಜುಬಟ್ಟೆ. ಕುದಿಯುವ ನೀರಿಗೆ ಗುಂಡಿ ತಿರುಗಿಸಿದೆ. ಮೆಷಿನ್ನು ಮಹಾಯುದ್ಧವನ್ನೇ ಮಾಡಿ ನಿಂತಿತು. ಬಾಗಿಲು ತೆರೆದರೆ ಅಂಗಿಗಳೆಲ್ಲ ಗುಲಾಬಿ, ಪ್ಯಾಂಟುಗಳಲ್ಲಿ ಸೂರ್ಯೋದಯ, ಸ್ವೆಟರು ಬೆಕ್ಕಿಗೂ ಬಿಗಿ!

ಮೈಮೇಲಿದ್ದದ್ದು ನಿಲುವಂಗಿ ಒಂದೇ. ಬೀರುವಿನ ತಳದಲ್ಲಿ ತೀರಿಹೋದ ಮಾವನ ಸೂಟು ಸಿಕ್ಕಿತು. ಯುದ್ಧಕಾಲದ್ದು, ಎರಡು ಸಾಲು ಗುಂಡಿ, ಅಗಲ ಕಾಲರು, ಒಳಗೆ ಹಾಕಲು ಅವರದೇ ಹಳೇ ಅಂಗಿ, ಮೇಲೊಂದು ಟೋಪಿ. ನುಸಿಗುಳಿಗೆಯ ವಾಸನೆ ಹೊಡೆಯುತ್ತಿದ್ದರೂ ಹಾಕಿಕೊಂಡು, ಹೊಸ ಅಂಗಿ ಕೊಳ್ಳಲು ಹೊರಟೆ.

ಅಂಗಡಿಗೆ ನಮ್ಮ ಕಾಟೆಸ್ಲೋದ ಜ್ಯಾರಡ್ ಬೀದಿಯ ಮೇಲೆ ಹೋಗಬೇಕು. ಎರಡನೇ ಮಹಾಯುದ್ಧದ ಕಾಲದ ನಮ್ಮ ಪ್ರಧಾನಿ ಜಾನ್ ಕರ್ಟಿನ್ ಅವರ ಮನೆ ಇರುವುದು ಅಲ್ಲೇ. ಅವರ ಬದುಕಿನ ಜಾಡು ಹಿಡಿದು ಜನರನ್ನು ಸುತ್ತಿಸುವ ನಡಿಗೆ ಅಂದು ಆ ಮನೆಯ ಮುಂದೆ ನಿಂತಿತ್ತು. ಮಾರ್ಗದರ್ಶಿ ಡಾರ್ಲೀನ್ ಎಂಬಾಕೆ. ನನ್ನನ್ನು ಕಂಡವಳೇ ಬಂದು ತೋಳು ಹಿಡಿದಳು.

"ಎಷ್ಟು ಹೊತ್ತು ಕಾಯೋದು ನಿಮಗೆ?"

"ನಾನು ಅಂಗಿ ತಗೊಳ್ಳೋಕೆ..."

"ಈ ಅಂಗಿಗೇನಾಗಿದೆ? ಕರ್ಟಿನ್ ಥರ ಕನ್ನಡಕ ಹಾಕ್ಕೊಳ್ಳಿ. ಸೂಟು ತುಂಬಾ ಚೆನ್ನಾಗಿದೆ." ಜನರ ಕಡೆ ತಿರುಗಿ ಘೋಷಿಸಿಯೇ ಬಿಟ್ಟಳು: "ಮಹನೀಯರೇ, ಪ್ರಧಾನಮಂತ್ರಿಗಳು ಬಂದಿದ್ದಾರೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಕಾಯುತ್ತಿದ್ದ ಕರ್ಟಿನ್ ವೇಷದ ನಟ ನಾನಲ್ಲ ಎಂದು ಆಗಲೇ ಹೇಳಬೇಕಿತ್ತು. ಆದರೆ ಎಷ್ಟೋ ದಿನಗಳ ಮೇಲೆ ಅಷ್ಟು ಮುಖಗಳು ಒಟ್ಟಿಗೆ ನನ್ನತ್ತ ನೋಡುತ್ತಿದ್ದವು. ಟೋಪಿ ತೆಗೆದು ಬಾಗಿದೆ. ಚುನಾವಣೆಯೇ ಇಲ್ಲದೆ ಅಧಿಕಾರಕ್ಕೆ ಬಂದೆ.

"ಯುದ್ಧ ನಮ್ಮ ಬಾಗಿಲಿಗೇ ಬಂದಾಗ ಏನನ್ನಿಸಿತು ಸಾರ್?" ಉಣ್ಣೆ ಟೋಪಿಯವನೊಬ್ಬ ಕೇಳಿದ.

"ಬೇಸರವಾಯ್ತು," ಎಂದೆ. ಇದನ್ನು ಯಾವ ಇತಿಹಾಸಕಾರ ಅಲ್ಲಗಳೆಯುತ್ತಾನೆ?

"ರಾಜಧಾನಿ ಕ್ಯಾನ್‌ಬೆರಾದಲ್ಲಿ ಊಟಕ್ಕೆ ಏನಿತ್ತು?"

"ಡಬ್ಬಿ ಬೀನ್ಸು."

ಡಾರ್ಲೀನ್ ಗಾಬರಿಯಿಂದ ತನ್ನ ಹಾಳೆ ತಿರುವಿದಳು. ಅಷ್ಟರಲ್ಲಿ ಊರುಗೋಲು ಹಿಡಿದ ಹೆಂಗಸೊಬ್ಬಳು ಮುಂದೆ ಬಂದಳು.

"ನೀವು ಅಲ್ಲಿ ರಾಜಧಾನೀಲಿ, ನಿಮ್ಮ ಹೆಂಡತಿ ಹೆಚ್ಚಾಗಿ ಈ ಮನೇಲಿ. ನಡುವೆ ಇಡೀ ದೇಶ. ಹೇಗಿದ್ರಿ ಒಬ್ಬರೇ?"

ಏನಾದರೂ ತಮಾಷೆ ಮಾಡೋಣವೆಂದು ಬಾಯಿ ತೆರೆದೆ. ಬಂದದ್ದು ಬೇರೆ.

"ಚಹಾನ ಎರಡು ಕಪ್ಪಿಗೆ ಬಗ್ಗಿಸ್ತೀನಿ," ಎಂದೆ. "ಆಮೇಲೆ ನೆನಪಾಗುತ್ತೆ. ಚೆಲ್ಲೋಕೆ ಮನಸ್ಸು ಬರದೆ ಎರಡನ್ನೂ ನಾನೇ ಕುಡೀತೀನಿ. ಹಾಸಿಗೆಯಲ್ಲಿ ಅವಳ ಪಕ್ಕ ಖಾಲಿ ಕಾಣಬಾರದು ಅಂತ ಹಳೇ ಪತ್ರಿಕೆ ಹರಡ್ತೀನಿ. ಸಂಜೆ ಫೋನ್ ಬಡಿದಾಗ ತಕ್ಷಣ ಎತ್ತಲ್ಲ. ಅದರ ಪಕ್ಕದಲ್ಲೇ ಕಾದು ಕೂತಿದ್ದೆ ಅಂತ ಅವಳಿಗೆ ಗೊತ್ತಾಗಬಾರದು ನೋಡಿ. ಬರಲಾ ಅಂತಾಳೆ. ಏನವಸರ ಅಂತೀನಿ."

ಯಾರೂ ನಗಲಿಲ್ಲ. ಉಣ್ಣೆ ಟೋಪಿಯವನು ತನ್ನ ಬೂಟು ನೋಡಿಕೊಂಡ. ನಾನು ಮಾವನ ಕರವಸ್ತ್ರಕ್ಕಾಗಿ ಜೇಬು ತಡಕಿದೆ, ನುಸಿಗುಳಿಗೆ ಸಿಕ್ಕಿತು.

ಊರುಗೋಲಿನಾಕೆ ಮಾತ್ರ ಕರಗಲಿಲ್ಲ. "ನಟನೆ ಪರವಾಗಿಲ್ಲ. ಆದರೆ ನಂಬೋಕಾಗಲ್ಲ. ಅಂಥಾ ಯುದ್ಧ ನಡೆಸಿದ ಮನುಷ್ಯನಿಗೆ 'ಬಾ' ಅನ್ನೋ ಒಂದಕ್ಷರ ಬರ್ತಿರಲಿಲ್ವಾ?"

ಉತ್ತರ ಕೊಡುವ ಮೊದಲೇ ಬೂದು ಸೂಟು, ದುಂಡು ಕನ್ನಡಕದ ಇನ್ನೊಬ್ಬ ಪ್ರಧಾನಮಂತ್ರಿ ಏದುಸಿರು ಬಿಡುತ್ತಾ ಓಡಿ ಬಂದರು.

"ಕ್ಷಮಿಸಿ ಡಾರ್ಲೀನ್, ರೈಲು ತಪ್ಪಿಹೋಯ್ತು."

ಡಾರ್ಲೀನ್ ಅವರನ್ನು ನೋಡಿದಳು, ನನ್ನನ್ನು ನೋಡಿದಳು. "ಹಾಗಾದ್ರೆ ನೀವ್ಯಾರು?"

"ಮರ್ವ್. ಹಿಂದಿನ ಬೀದಿಯವನು. ಬಟ್ಟೆ ಒಗೆಯೋಕೆ ಹೋಗಿ ಹೀಗಾಯ್ತು."

ಜನ ನಕ್ಕ ಸದ್ದು ಸಮುದ್ರದವರೆಗೆ ಕೇಳಿರಬೇಕು. ಅಧಿಕಾರ ಹಸ್ತಾಂತರಿಸಿ, ಅಂಗಿಯನ್ನೂ ಕೊಳ್ಳದೆ ನೇರ ಮನೆಗೆ ನಡೆದೆ. ಸೂಟಿನಲ್ಲೇ ಕುಳಿತು ಅಡಿಲೇಡಿಗೆ ಫೋನ್ ಮಾಡಿದೆ. ಅವಳು ಹೋದಮೇಲೆ ನಾನಾಗಿ ಮಾಡಿದ್ದು ಅದೇ ಮೊದಲು.

"ಈ ಹೊತ್ತಲ್ಲಿ ಫೋನಾ? ಮನೆಗೆ ಬೆಂಕಿ ಬಿತ್ತಾ?" ಎಂದಳು ಗ್ವೆಂಡಾ.

"ಇಲ್ಲ. ಅಂಗಿ ಗುಲಾಬಿ ಆಗಿದೆ."

"ಅದನ್ನ ಹೇಳೋಕೆ ಮಾಡಿದ್ಯಾ?"

"ಅಲ್ಲ." ಆ ಒಂದಕ್ಷರಕ್ಕಿಂತ ಹಡಗಿನ ಸರಕೇ ಹಗುರ. "ಬಾ, ಗ್ವೆಂಡಾ."

ಆ ಕಡೆ ಅವಳು ಮೂಗು ಒರೆಸಿಕೊಂಡಿದ್ದು ಕೇಳಿಸಿತು.

"ಅಕ್ಕನ ಸೊಂಟ ಇನ್ನೂ ಸರಿಯಾಗಿಲ್ಲ ಅಂದ್ರೆ ಬೇಡ," ಎಂದು ಸೇರಿಸಿದೆ.

"ಅವಳು ಆಗಲೇ ಎದ್ದು ಓಡಾಡ್ತಿದ್ದಾಳೆ. ಇಲ್ಲಿ ಕೂತು ಟಿ.ವಿ. ನೋಡ್ತಿರೋದು ನಾನೊಬ್ಬಳೇ."

"ಮತ್ತೆ ಯಾಕೆ ಬರಲಿಲ್ಲ?"

"ನೀನು ಕರೀಲಿಲ್ಲವಲ್ಲೋ ಪೆದ್ದ. ಪೆಟ್ಟಿಗೆ ಕಟ್ಟಿ ಬಾಗಿಲ ಹತ್ರ ಇಟ್ಟು ಎಷ್ಟು ದಿನ ಆಯ್ತು ಗೊತ್ತಾ? ನಿನ್ನೆ ಅಕ್ಕ ಅದನ್ನೇ ಎಡವಿದ್ಲು. ನೀನು ಇನ್ನೊಂದು ವಾರ ತಡ ಮಾಡಿದ್ರೆ ಅವಳ ಸೊಂಟದ ಮತ್ತೊಂದು ಪಕ್ಕಾನೂ ಮುರಿದುಹೋಗ್ತಿತ್ತು."