ಹುಬ್ಬಿನ ತನಕ ಬಂದವಳು

ಸಂಗಮೇಶನ ಅಂದಿನ ಎಲ್ಲ ತಾಪತ್ರಯಕ್ಕೂ ಮೂಲ ಒಂದೇ ಒಂದು ಫೋಟೋ. ಧಾರವಾಡದಲ್ಲಿ ಅಣ್ಣ ಸಿದ್ದಲಿಂಗಪ್ಪ ಅವನಿಗೊಂದು ಹುಡುಗಿ ನೋಡಿದ್ದ. ಹೆಸರು ಸೌಜನ್ಯಾ. ಫೋಟೋ ಅಂಚೆಯಲ್ಲಿ ಲಂಡನ್ ಮುಟ್ಟುವಷ್ಟರಲ್ಲಿ ಸೋಲಾಪುರದ ವರನೊಬ್ಬ ಹುಡುಗಿಯನ್ನು ಹಾರಿಸಿಕೊಂಡು ಹೋಗುವ ಹಾಗಿದ್ದ. ಅದಕ್ಕೆ ಅಣ್ಣ ಸೈಬರ್ ಕೆಫೆಯಿಂದ ಫೋಟೋ ಈಮೇಲ್ ಮಾಡಿಸಿ, ಫೋನು ಹಚ್ಚಿ, ಶನಿವಾರ ಇಲ್ಲಿ ದೀಪ ಹಚ್ಚುವುದರೊಳಗೆ ಹೂಂ ಅನ್ನು, ಇಲ್ಲ ಊಹೂಂ ಅನ್ನು ಎಂದು ತಾಕೀತು ಮಾಡಿದ್ದ. ಧಾರವಾಡದಲ್ಲಿ ದೀಪ ಹಚ್ಚುವ ಹೊತ್ತೆಂದರೆ ಲಂಡನ್ನಿನಲ್ಲಿ ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುವ ಹೊತ್ತು.

ಅದು ತೊಂಬತ್ತೊಂಬತ್ತರ ಬೇಸಿಗೆ. ಗ್ರೀನ್‌ಫರ್ಡಿನ ಬಿಸ್ಕತ್ತು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದ ಸಂಗಮೇಶ ಕ್ವೀನ್ಸ್‌ಬರಿಯಲ್ಲಿ ಮೈಸೂರಿನ ಡಾಕ್ಟರ್ ಪಾಂಡುರಂಗರ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ. ಕಂಪ್ಯೂಟರ್ ಇತ್ತು, ಇಂಟರ್ನೆಟ್ ಇರಲಿಲ್ಲ. ಶನಿವಾರ ಬೆಳಿಗ್ಗೆ ಎದ್ದವನೇ ಅಂಗಡಿಗೆ ಓಡಿ ಫೋನ್ ಲೈನಿಗೆ ಸಿಕ್ಕಿಸುವ ಒಂದು ಮೋಡೆಮ್ಮನ್ನೂ ಇಂಟರ್ನೆಟ್ಟಿಗೆಂದು ಪುಕ್ಕಟೆ ಕೊಡುತ್ತಿದ್ದ ಸಿಡಿಯನ್ನೂ ತಂದ. ಫೋನಿನ ಸಾಕೆಟ್ ಕೆಳಗೆ ಪಡಸಾಲೆಯಲ್ಲಿ, ಕಂಪ್ಯೂಟರ್ ಮೇಲೆ. ಮದುವೆಮನೆಗೆ ಲೈಟಿನ ಸರ ಎಳೆದ ಹಾಗೆ ಮೆಟ್ಟಿಲುದ್ದಕ್ಕೂ ವೈರು ಎಳೆದ. ಡಾಕ್ಟರ ಹೆಂಡತಿ ಪ್ರಭಾ ಮೊದಲ ಸಲ ಅದನ್ನು ಕಸ ಎಳೆಯುವ ಹೂವರ್ ಮಷೀನಿಗೆ ಸಿಕ್ಕಿಸಿ ಕಿತ್ತರು. ಎರಡನೇ ಸಲ ಎಡವಿ ಕಿತ್ತರು. ಮೂರನೇ ಸಲ ಮೋಡೆಮ್ ಕಾಲು ತುಳಿಸಿಕೊಂಡ ಬೆಕ್ಕಿನಂತೆ ಕಿರುಚಲು ಶುರುಮಾಡಿತು.

ಕೂಗು ಕೇಳಿ ಪಾಂಡುರಂಗ ಮೇಲೆ ಬಂದು ಮೋಡೆಮ್ಮಿಗೆ ಕಿವಿ ಹಚ್ಚಿದರು. "ಎದೇಲಿ ಕಫ ಕಟ್ಟಿದೆ ಕಣಯ್ಯ, ಬೆಚ್ಚಗಿಡು," ಎಂದು ಅದಕ್ಕೊಂದು ಟವೆಲ್ ಹೊದಿಸಿಯೂಬಿಟ್ಟರು.

ಟವೆಲಿನ ಮಹಿಮೆಯೋ ಏನೋ, ಇಂಟರ್ನೆಟ್ ಬಂತು. ಈಮೇಲ್ ತೆರೆಯಿತು. ಆದರೆ ಸೈಬರ್ ಕೆಫೆಯವನು ಫೋಟೋವನ್ನು ಸಿನಿಮಾ ಪೋಸ್ಟರಿನಷ್ಟು ದೊಡ್ಡದು ಮಾಡಿ ಕಳಿಸಿದ್ದ. ಅದು ಮೇಲಿನಿಂದ ಗೆರೆಗೆರೆಯಾಗಿ, ಬಸುರಿ ಮೆಟ್ಟಿಲು ಇಳಿದಂತೆ ಇಳಿಯತೊಡಗಿತು. ಬೈತಲೆ ಬಂತು. ಮಲ್ಲಿಗೆಯ ತುದಿ ಬಂತು. ಹಣೆ, ಕುಂಕುಮ, ಹುಬ್ಬು... ಅಷ್ಟರಲ್ಲಿ ಸಂಪರ್ಕ ಕಡಿದು ಕೆಳಗೆ ಫೋನ್ ರಿಂಗಾಯಿತು.

ಎಜ್ವೇರಿನಿಂದ ಪ್ರಭಾರ ಭಜನೆಯ ಗೆಳತಿ ಕಲ್ಯಾಣಿ. ಹುಡುಗಿ ಹೇಗಿದ್ದಾಳೆ ಅಂತ ಕೇಳಲು ಮಾಡಿದ್ದಳು. ಪ್ರಭಾ ಹಿಂದಿನ ಸಂಜೆಯ ಭಜನೆಯಲ್ಲಿ ಮಂಗಳಾರತಿಗೆ ಮುಂಚೆಯೇ ಈ ಸುದ್ದಿಯನ್ನು ಎಲ್ಲರಿಗೂ ಹಂಚಿಯಾಗಿತ್ತು.

ಮತ್ತೆ ಮೊದಲಿನಿಂದ. ಬೈತಲೆ, ಮಲ್ಲಿಗೆ, ಹಣೆ, ಹುಬ್ಬು, ಟ್ರಿಣ್. ಈ ಸಲ ಅದೇ ಭಜನೆಯ ಗ್ರೀನ್‌ಫರ್ಡಿನ ಗಿರಿಜಾದೇವಿ. ಹುಬ್ಬಿನವರೆಗೆ ಬಂದಿದ್ದಾಳೆ ಎಂದು ಪ್ರಭಾ ವರದಿ ಕೊಟ್ಟರು. ಹುಬ್ಬು ಇದ್ದರೆ ಸಾಲದು, ಮೂಗು ನೋಡಿಕೊಳ್ಳಲಿ ಎಂದು ಗಿರಿಜಾದೇವಿ ಎಚ್ಚರಿಸಿದರು. ಆಮೇಲೆ ಮತ್ತೆ ಕಲ್ಯಾಣಿ, ಆಮೇಲೆ ಕಲ್ಯಾಣಿಯ ಅತ್ತೆ. ಸೌಜನ್ಯಾ ಮಾತ್ರ ಹುಬ್ಬು ದಾಟಲಿಲ್ಲ. ಊಟದ ಹೊತ್ತು ಹತ್ತಿರವಾಯಿತು.

ಮತ್ತೆ ಫೋನ್ ರಿಂಗಾದಾಗ ಸಂಗಮೇಶ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದು ತಾನೇ ಎತ್ತಿದ. ಹಲೋ ಕೂಡ ಅನ್ನಲಿಲ್ಲ.

"ಯಾರರೆ ಇರ್ರಿ, ಹುಡುಗಿ ಹುಬ್ಬಿನ ತನಕಾ ಬಂದಾಳ. ಮೂಗು, ಬಾಯಿ ಇನ್ನೂ ಬರಬೇಕು. ಪೂರ್ತಿ ಬರೂತನಕಾ ಯಾರೂ ಫೋನ್ ಮಾಡಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ!"

ಆ ಕಡೆ ಯಾರೋ ಗಂಡಸು ಸಣ್ಣಗೆ ಕೆಮ್ಮಿದ. ಸಂಗಮೇಶ ರಪ್ಪನೆ ಫೋನ್ ಇಟ್ಟ.

ಪಾಂಡುರಂಗರಿಗೆ ಆಗ ಹೊಳೆಯಿತು. ಒಬ್ಬರ ಜೊತೆ ಮಾತಾಡುವಾಗ ಇನ್ನೊಬ್ಬರ ಕರೆ ತಪ್ಪಬಾರದೆಂದು ಪ್ರಭಾ ಕಾಲ್ ವೇಟಿಂಗ್ ಹಾಕಿಸಿದ್ದರು. ಯಾರು ಕರೆ ಮಾಡಿದರೂ ಲೈನಿನಲ್ಲಿ ಟುಕ್ ಅನ್ನುತ್ತಿತ್ತು, ಇಂಟರ್ನೆಟ್ ಸಾಯುತ್ತಿತ್ತು. ಫೋನಿನ ಗುಂಡಿ ಒತ್ತಿ ಅದನ್ನು ತೆಗೆದರೆ ಮಾಡಿದವರಿಗೆಲ್ಲ ಎಂಗೇಜ್ ಬರುತ್ತದೆ, ಅಷ್ಟೆ. ಪ್ರಭಾ ಕರುಳು ಕಿತ್ತುಕೊಟ್ಟ ಮುಖ ಮಾಡಿ ಒಪ್ಪಿದರು.

ಮನೆ ನಿಶ್ಶಬ್ದವಾಯಿತು. ಮೂವರೂ ಪರದೆಯ ಮುಂದೆ ಕೂತರು. ಹುಬ್ಬು ಬಂತು. ಹುಬ್ಬು ದಾಟಿತು. ಕಣ್ಣು ಬಂದವು, ಎಂಥ ಕಣ್ಣು! ಮೂಗುಬೊಟ್ಟಿನ ಸಮೇತ ಮೂಗು ಬಂತು. ನಗು ಬಂತು. ಕೊನೆಗೆ ಗಲ್ಲದ ಮೇಲೆ ಎಳ್ಳಿನಷ್ಟು ಮಚ್ಚೆ. ಪ್ರಭಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಂಗಮೇಶ ಇಂಟರ್ನೆಟ್ ನಿಲ್ಲಿಸಿ, ಕೆಳಗೋಡಿ ಕಾಲ್ ವೇಟಿಂಗನ್ನು ಮರಳಿ ಹಾಕಿ, ಅಣ್ಣನಿಗೆ ಫೋನ್ ಹಚ್ಚಿದ.

"ಅಣ್ಣಾ, ಹೂಂ! ನೂರು ಸಲ ಹೂಂ!"

"ಯಾರಿಗಿ ಬೇಕಲೇ ನಿನ್ನ ಹೂಂ?" ಸಿದ್ದಲಿಂಗಪ್ಪ ಗುಡುಗಿದ. "ಹುಡುಗಿ ಸ್ವಾದರಮಾವ ಜಗದೇವಪ್ಪ ಅಲ್ಲೇ ಹೌನ್ಸ್ಲೋದಾಗ ಅದಾರ. ವರನ್ನ ಮಾತಾಡ್ಸಿ ನೋಡೂಣು ಅಂತ ನಿನಗ ಫೋನ್ ಮಾಡಿದ್ರಂತ. ಅವರಿಗೇನಂದಿ ನೀ?"

ಸಂಗಮೇಶನ ಕಿವಿಯಲ್ಲಿ ಆ ಸಣ್ಣ ಕೆಮ್ಮು ಮತ್ತೆ ಕೇಳಿಸಿತು.

"ಯಾವುದೋ ಹುಡುಗಿ ಮನಿಗೆ ಬರಾಕತ್ತಾಳಂತ, ಅರ್ಧಾ ಬಂದಾಳಂತ, ಪೂರ್ತಿ ಬರೂತನಕಾ ಯಾರೂ ಫೋನ್ ಮಾಡಬಾರದಂತ! ಇರಲಿ, ಏನರ ತಪ್ಪು ತಿಳಕೊಂಡೆನೇನೋ ಅಂತ ಆ ದೊಡ್ಡ ಮನಷ್ಯಾ ಮತ್ತ ಹಚ್ಚಿದ್ರ, ಫೋನ್ ಬರೇ ಎಂಗೇಜ್. ನಿನಗ ಹೇಳೂಣಂದ್ರ ನನಗೂ ಎಂಗೇಜ್. ಹುಡುಗಿ ಬಂದಕೂಡ್ಲೆ ಫೋನ್ ತೆಗೆದಿಟ್ಟಾನ ಅಂತ ಅವರು ಸೋಲಾಪುರದವರಿಗೆ ಮಾತು ಕೊಟ್ಟುಬಿಟ್ರು."

ಫೋನ್ ಇಟ್ಟ ಸಂಗಮೇಶ ಮೆಟ್ಟಿಲ ಮೇಲೆ ವೈರಿನ ಪಕ್ಕದಲ್ಲೇ ಕುಸಿದು ಕೂತ. ಕೂತ ಕೂಡಲೇ ಫೋನ್ ರಿಂಗಾಯಿತು. ಗಿರಿಜಾದೇವಿ.

"ಏನೋ ತಮ್ಮಾ, ಮೂಗು ಬಂತೇನು?"

"ಬಂತ್ರಿ ಅಕ್ಕಾ," ಎಂದ ಸಂಗಮೇಶ. "ಹುಡುಗಿ ಹೋದ್ಲು."